ಆ ‘ಹಿಸ್’ ಯಾರದು? ಪ್ರೊನೌನ್, ಮಾಡಿಫೈಯರ್ ಪ್ರಶ್ನೆಗಳಿಗೆ ಕನ್ನಡದ ದಾರಿ

ಪ್ರಶ್ನೆ: ನಾನು ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಎಸ್‌ಎಸ್‌ಸಿ ಸಿಜಿಎಲ್ ಮತ್ತು ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ನಮ್ಮ ಊರು ಇಂಡಿ ತಾಲ್ಲೂಕಿನಲ್ಲಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಟೆನ್ಸ್, ಆರ್ಟಿಕಲ್, ಪ್ರಿಪೊಸಿಷನ್ ಒಂದು ಮಟ್ಟಕ್ಕೆ ಹಿಡಿತಕ್ಕೆ ಬಂದಿವೆ. ಆದರೆ ಪ್ರೊನೌನ್ ಯಾರನ್ನು ಸೂಚಿಸುತ್ತದೆ ಅನ್ನುವ ಪ್ರಶ್ನೆ, ಮಾಡಿಫೈಯರ್ (ಇನ್ನೊಂದು ಪದವನ್ನು ವಿವರಿಸುವ ಭಾಗ) ಪ್ರಶ್ನೆ ಬಂದಾಗ ವಾಕ್ಯ ನನಗೆ ಸರಿಯಾಗಿಯೇ ಕಾಣುತ್ತದೆ. ‘ನೋ ಎರರ್’ ಟಿಕ್ ಮಾಡಿ ಮಾರ್ಕ್ಸ್ ಕಳೆದುಕೊಳ್ಳುತ್ತೇನೆ. ನಿಯಮಗಳೆಲ್ಲ ಬಾಯಿಪಾಠ ಇವೆ. ಆದರೂ ಯಾಕೆ ಹೀಗಾಗುತ್ತದೆ?

ಉತ್ತರ: ವಾಕ್ಯ ಸರಿಯಾಗಿಯೇ ಕಾಣುತ್ತದೆ ಎಂದು ಬರೆದಿದ್ದೀರಿ. ಹಾಗೆ ಕಾಣುವುದಕ್ಕೆ ನಿಮ್ಮ ಇಂಗ್ಲಿಷ್ ಕಡಿಮೆ ಇರುವುದು ಕಾರಣ ಅಲ್ಲ. ನೀವು ಇಂಗ್ಲಿಷ್ ವಾಕ್ಯವನ್ನು ಓದುವಾಗಲೇ ಮನಸ್ಸು ಅದನ್ನು ಕನ್ನಡಕ್ಕೆ ತಿರುಗಿಸುತ್ತದೆ. ತಿರುಗಿಸುವಾಗ ಮೂಲದಲ್ಲಿದ್ದ ತಪ್ಪನ್ನು ಸದ್ದಿಲ್ಲದೆ ಸರಿ ಮಾಡಿಬಿಡುತ್ತದೆ. ಕೊನೆಗೆ ನಿಮಗೆ ಕೇಳಿಸುವುದು ಆ ಸರಿಯಾದ ಕನ್ನಡ ವಾಕ್ಯ. ಅದರಲ್ಲಿ ತಪ್ಪು ಎಲ್ಲಿಂದ ಸಿಗಬೇಕು? ಕನ್ನಡ ಮೀಡಿಯಂನಿಂದ ಬಂದ ಬಹಳಷ್ಟು ಮಕ್ಕಳಲ್ಲಿ ನಾನು ಇದನ್ನು ಕಂಡಿದ್ದೇನೆ. ಇಂಗ್ಲಿಷಿನಲ್ಲೇ ಯೋಚಿಸಿ ಎಂದು ಅವರಿಗೆ ಹೇಳುವುದರಿಂದ ಉಪಯೋಗ ಇಲ್ಲ ಅಂತ ನನ್ನ ಅಭಿಪ್ರಾಯ. ಕನ್ನಡಕ್ಕೆ ಹೇಗೂ ತಿರುಗಿಸುತ್ತೀರಿ, ಅಲ್ವಾ? ಸರಿಯಾದ ರೀತಿಯಲ್ಲಿ ತಿರುಗಿಸಿದರೆ ಅದೇ ಕನ್ನಡ ತಪ್ಪನ್ನು ಹಿಡಿದು ಕೊಡುತ್ತದೆ.

ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಒಂದೊಂದನ್ನೂ ಬಾಯಿಬಿಟ್ಟು ಓದಿ. ಈ ತಪ್ಪುಗಳು ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತವೆ.

ಮೊದಲು ಮಾಡಿಫೈಯರ್. ನಿಮ್ಮ ಮಾರ್ಕ್ಸ್ ಜಾಸ್ತಿ ಹೋಗುತ್ತಿರುವುದು ಇಲ್ಲೇ ಇರಬೇಕು. ಈ ವಾಕ್ಯ ನೋಡಿ: ‘ಹ್ಯಾವಿಂಗ್ ಫಿನಿಶ್ಡ್ ಲಂಚ್, ದ ಬಸ್ ಲೆಫ್ಟ್ ಫಾರ್ ಬಾದಾಮಿ.’ ನಿಮ್ಮ ಮನಸ್ಸು ಇದನ್ನು ‘ಊಟ ಮುಗಿದ ಮೇಲೆ ಬಸ್ ಬಾದಾಮಿಗೆ ಹೊರಟಿತು’ ಎಂದು ಓದುತ್ತದೆ. ಕನ್ನಡದಲ್ಲಿ ಈ ವಾಕ್ಯಕ್ಕೆ ಏನೂ ಕೊರತೆ ಇಲ್ಲ. ‘ಮುಗಿದ ಮೇಲೆ’, ‘ಮುಗಿದಾಗ’, ‘ನಡೆಯುವಾಗ’ ಇಂಥ ರೂಪಗಳಲ್ಲಿ ಮೊದಲ ಕೆಲಸ ಮಾಡಿದವರು ಬೇರೆ, ಎರಡನೆಯದನ್ನು ಮಾಡಿದವರು ಬೇರೆ ಇದ್ದರೂ ನಡೆಯುತ್ತದೆ. ಊಟ ಮಾಡಿದವರು ನಾವು, ಹೊರಟದ್ದು ಬಸ್ಸು. ಯಾರಿಗೂ ಗೊಂದಲ ಆಗುವುದಿಲ್ಲ.

ಈಗ ಅದೇ ವಾಕ್ಯವನ್ನು ‘ಊಟ ಮುಗಿಸಿ ಬಸ್ ಬಾದಾಮಿಗೆ ಹೊರಟಿತು’ ಎಂದು ಹೇಳಿ ನೋಡಿ. ಕಿವಿಗೆ ಹೊಡೆಯುತ್ತದೆ. ಬಸ್ಸೇ ಊಟ ಮಾಡಿತು ಅನ್ನಿಸುತ್ತದೆ. ‘ಮುಗಿಸಿ’, ‘ನೋಡಿ’, ‘ಬಂದು’, ‘ನಡೆಯುತ್ತಾ’ ಎಂಬ ರೂಪಗಳಲ್ಲಿ ಎರಡೂ ಕೆಲಸಗಳನ್ನು ಒಬ್ಬರೇ ಮಾಡಿರಬೇಕು ಎಂದು ಕನ್ನಡ ಬಯಸುತ್ತದೆ. ಇಂಗ್ಲಿಷಿನ ‘ಇಂಗ್’ ಪಾರ್ಟಿಸಿಪಲ್, ‘ಹ್ಯಾವಿಂಗ್’ ಪಾರ್ಟಿಸಿಪಲ್ ಬಯಸುವುದೂ ಇದನ್ನೇ. ಡ್ಯಾಂಗ್ಲಿಂಗ್ ಮಾಡಿಫೈಯರ್ (ಸರಿಯಾದ ಸಬ್ಜೆಕ್ಟ್ ಸಿಗದೆ ತೂಗಾಡುವ ಮಾಡಿಫೈಯರ್) ಅನ್ನುವ ಇಡೀ ಪಾಠಕ್ಕೆ ಇದೇ ಬುಡ. ವಾಕ್ಯದ ಮೊದಲಲ್ಲಿ ‘ಇಂಗ್’ ಇದ್ದು, ಅದರ ಮುಂದೆ ಕಾಮಾ ಬಂದರೆ ಅದನ್ನು ‘ಆಗ’, ‘ಮೇಲೆ’ ಹಾಕಿ ಓದಬೇಡಿ. ‘ಮಾಡಿ’ ಅಥವಾ ‘ಮಾಡುತ್ತಾ’ ಎಂದೇ ಓದಿ. ಕಾಮಾ ಆದ ಮೇಲೆ ಬರುವ ಸಬ್ಜೆಕ್ಟನ್ನು ಅದಕ್ಕೆ ಜೋಡಿಸಿ. ಕಿವಿ ಒಪ್ಪದಿದ್ದರೆ ತಪ್ಪು ಅಲ್ಲಿದೆ.

‘ವಾಕಿಂಗ್ ಅಲಾಂಗ್ ಸ್ಟೇಷನ್ ರೋಡ್, ದ ಗೋಲ್ ಗುಂಬಜ್ ಲುಕ್ಡ್ ಹ್ಯೂಜ್.’ ‘ನಡೆಯುವಾಗ ಗೋಳಗುಮ್ಮಟ ದೊಡ್ಡದಾಗಿ ಕಂಡಿತು’ ಸರಿ. ‘ನಡೆಯುತ್ತಾ ಗೋಳಗುಮ್ಮಟ ದೊಡ್ಡದಾಗಿ ಕಂಡಿತು’ ಎಂದರೆ ಗುಮ್ಮಟ ನಡೆಯಿತು. ಹಾಗಾಗಿ ಇಂಗ್ಲಿಷ್ ವಾಕ್ಯ ತಪ್ಪು. ತಿದ್ದಲು ಎರಡು ದಾರಿ ಇವೆ. ಒಂದು, ಕಾಮಾ ಆದ ಮೇಲೆ ನಡೆದವರನ್ನು ತರಬೇಕು: ‘ವಾಕಿಂಗ್ ಅಲಾಂಗ್ ಸ್ಟೇಷನ್ ರೋಡ್, ಐ ಸಾ ದ ಹ್ಯೂಜ್ ಗೋಲ್ ಗುಂಬಜ್.’ ಇನ್ನೊಂದು, ಮೊದಲ ಭಾಗಕ್ಕೇ ಸ್ವಂತ ಸಬ್ಜೆಕ್ಟ್ ಕೊಟ್ಟು ಪೂರ್ತಿ ಉಪವಾಕ್ಯ ಮಾಡಬೇಕು: ‘ಆ್ಯಸ್ ಐ ವಾಸ್ ವಾಕಿಂಗ್ ಅಲಾಂಗ್ ಸ್ಟೇಷನ್ ರೋಡ್, ದ ಗೋಲ್ ಗುಂಬಜ್ ಲುಕ್ಡ್ ಹ್ಯೂಜ್.’ ಸೆಂಟೆನ್ಸ್ ಇಂಪ್ರೂವ್‌ಮೆಂಟ್ ಪ್ರಶ್ನೆಯಲ್ಲಿ ಯಾವ ಭಾಗಕ್ಕೆ ಗೆರೆ ಎಳೆದಿದ್ದಾರೆ ಅನ್ನುವುದರ ಮೇಲೆ ಈ ಎರಡರಲ್ಲಿ ಒಂದು ಆಪ್ಷನ್ ಆಗಿ ಸಿಗುತ್ತದೆ. ಸುಮ್ನೆ ‘ವೈಲ್’ ಸೇರಿಸಿ ‘ವೈಲ್ ವಾಕಿಂಗ್ ಅಲಾಂಗ್ ಸ್ಟೇಷನ್ ರೋಡ್, ದ ಗೋಲ್ ಗುಂಬಜ್’ ಎಂದು ಕೊಟ್ಟ ಆಪ್ಷನ್ನಿಗೆ ಮರುಳಾಗಬೇಡಿ. ಅಲ್ಲೂ ನಡೆಯುತ್ತಿರುವುದು ಗುಮ್ಮಟವೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ರಿಸಲ್ಟ್ ನೋಡಿ ನನಗೆ ಖುಷಿಯಾಯಿತು’ ಅನ್ನುವುದು ಒಳ್ಳೆಯ ಕನ್ನಡ. ನೋಡಿದವನು ನಾನು, ಆದದ್ದು ಖುಷಿ. ಆದರೂ ‘ನನಗೆ’ ಅನ್ನುವುದನ್ನೇ ಕನ್ನಡ ಸಬ್ಜೆಕ್ಟಿನ ಹಾಗೆ ಒಪ್ಪಿಕೊಳ್ಳುತ್ತದೆ. ಇಂಗ್ಲಿಷ್ ಒಪ್ಪುವುದಿಲ್ಲ. ‘ಸೀಯಿಂಗ್ ದ ರಿಸಲ್ಟ್, ಹ್ಯಾಪಿನೆಸ್ ಕೇಮ್ ಟು ಮಿ’ ತಪ್ಪು. ‘ಸೀಯಿಂಗ್ ದ ರಿಸಲ್ಟ್, ಐ ಫೆಲ್ಟ್ ಹ್ಯಾಪಿ’ ಸರಿ. ಹಸಿವು, ಸಿಟ್ಟು, ನೆನಪು, ಆಶ್ಚರ್ಯ, ಬೇಸರ ಇವೆಲ್ಲ ಕನ್ನಡದಲ್ಲಿ ‘ನನಗೆ’ ಆಗುವಂಥವು. ಇಂಥ ವಾಕ್ಯ ಬಂದರೆ ಮೇಲೆ ಹೇಳಿದ ಪರೀಕ್ಷೆ ಕೈಕೊಡುತ್ತದೆ. ಆಗ ಕನ್ನಡ ಬಿಟ್ಟು ಕಾಮಾ ಪಕ್ಕದ ಪದ ಯಾವುದು ಎಂದು ನೇರವಾಗಿ ನೋಡಿ. ಅಲ್ಲಿ ಒಬ್ಬ ಮನುಷ್ಯ ಇರಬೇಕು.

ನಿಮ್ಮ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ‘ಬೀಯಿಂಗ್’ ಪ್ರಶ್ನೆಯೂ ಇದೇ ಜಾತಿಯದು. ‘ಬೀಯಿಂಗ್ ಎ ಹಾಲಿಡೇ, ದ ಬ್ಯಾಂಕ್ ವಾಸ್ ಕ್ಲೋಸ್ಡ್.’ ಇಲ್ಲಿ ಬ್ಯಾಂಕೇ ಒಂದು ರಜೆ ಎಂದಾಗುತ್ತದೆ. ಸರಿಯಾದದ್ದು ‘ಇಟ್ ಬೀಯಿಂಗ್ ಎ ಹಾಲಿಡೇ, ದ ಬ್ಯಾಂಕ್ ವಾಸ್ ಕ್ಲೋಸ್ಡ್.’ ಕೋಚಿಂಗ್ ಪುಸ್ತಕಗಳು ಇದನ್ನು ಬಾಯಿಪಾಠ ಮಾಡಿಸಿ ಬಿಡುತ್ತವೆ. ಆ ‘ಇಟ್’ ಯಾಕೆ ಬೇಕು ಎಂದು ಹೇಳುವುದಿಲ್ಲ. ಕನ್ನಡದಲ್ಲಿ ‘ಮಳೆ ಬಂದು ಕೆರೆ ತುಂಬಿತು’ ಅನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ, ಎರಡೂ ಬೇರೆ. ಆದರೂ ಕಿವಿಗೆ ಹೊಡೆಯುವುದಿಲ್ಲ, ಏಕೆಂದರೆ ಮೊದಲ ಭಾಗಕ್ಕೆ ‘ಮಳೆ’ ಎಂಬ ಸ್ವಂತ ಸಬ್ಜೆಕ್ಟ್ ಇದೆ. ಅದನ್ನು ತೆಗೆದು ‘ಬಂದು ಕೆರೆ ತುಂಬಿತು’ ಎಂದರೆ ಕೆರೆಯೇ ಎಲ್ಲಿಂದಲೋ ಬಂತು ಅನ್ನಿಸುತ್ತದೆ. ‘ಇಟ್’ ಮಾಡುವ ಕೆಲಸ ಮಳೆಯದೇ. ‘ದ ರೇನ್ ಹ್ಯಾವಿಂಗ್ ಸ್ಟಾಪ್ಡ್, ದ ಚಿಲ್ಡ್ರನ್ ವೆಂಟ್ ಔಟ್’ ಕೂಡ ಇದೇ ಲೆಕ್ಕದಲ್ಲಿ ಸರಿ. ಹವೆ, ಹೊತ್ತು, ವಾರ, ರಜೆಯ ಮಾತಿನಲ್ಲಿ ‘ಬೀಯಿಂಗ್’ ಒಂಟಿಯಾಗಿ ನಿಂತಿದ್ದರೆ ಮೊದಲು ಅದನ್ನೇ ಅನುಮಾನಿಸಿ.

ಮಾಡಿಫೈಯರ್ ಯಾವಾಗಲೂ ‘ಇಂಗ್’ ಆಗಿರುವುದಿಲ್ಲ. ‘ಬಿಲ್ಟ್’, ‘ರಿಟನ್’, ‘ಕಂಪೋಸ್ಡ್’ ಇಂಥವೂ ಬರುತ್ತವೆ. ಐಹೊಳೆಯ ಮೇಗುತಿ ಬಸದಿಯ ಶಾಸನ ನಿಮಗೆ ಜನರಲ್ ನಾಲೆಡ್ಜ್ ಭಾಗಕ್ಕೂ ಬೇಕು. ಅದನ್ನೇ ತೆಗೆದುಕೊಳ್ಳೋಣ. ‘ಕಂಪೋಸ್ಡ್ ಬೈ ರವಿಕೀರ್ತಿ ಇನ್ 634, ಪುಲಕೇಶಿ ದ ಸೆಕೆಂಡ್ ಈಸ್ ಪ್ರೇಯ್ಸ್ಡ್ ಇನ್ ದ ಐಹೊಳೆ ಇನ್‌ಸ್ಕ್ರಿಪ್ಷನ್.’ ಇತಿಹಾಸ ಸರಿ ಇದೆ: ಶಾಸನದ ಕವಿ ರವಿಕೀರ್ತಿ, ಹೊಗಳಿಸಿಕೊಂಡವನು ಇಮ್ಮಡಿ ಪುಲಕೇಶಿ. ಇತಿಹಾಸ ಗೊತ್ತಿದ್ದವರು ಇಲ್ಲೇ ಜಾರುವುದು, ಏಕೆಂದರೆ ಮಾಹಿತಿ ಸರಿ ಇದ್ದರೆ ವಾಕ್ಯವೂ ಸರಿ ಅನ್ನಿಸುತ್ತದೆ. ಇಂಥದ್ದನ್ನು ಕನ್ನಡದ ‘ರಚಿಸಿದ’, ‘ಕಟ್ಟಿಸಿದ’, ‘ನೇಯ್ದ’ ರೂಪಕ್ಕೆ ತಂದು, ಕಾಮಾ ಪಕ್ಕದ ಹೆಸರನ್ನು ತಕ್ಷಣ ಅಂಟಿಸಿ: ‘634ರಲ್ಲಿ ರವಿಕೀರ್ತಿ ರಚಿಸಿದ ಪುಲಕೇಶಿ.’ ರಾಜನನ್ನೇ ಕವಿ ರಚಿಸಿದ ಹಾಗಾಯಿತು. ‘ಕಂಪೋಸ್ಡ್ ಬೈ ರವಿಕೀರ್ತಿ ಇನ್ 634, ದ ಐಹೊಳೆ ಇನ್‌ಸ್ಕ್ರಿಪ್ಷನ್ ಪ್ರೇಯ್ಸಸ್ ಪುಲಕೇಶಿ ದ ಸೆಕೆಂಡ್’ ಎಂದರೆ ಸರಿ.

ಈ ಉಪಾಯ ವಾಕ್ಯದ ನಡುವೆ, ಕೊನೆಯಲ್ಲಿ ಬರುವ ‘ದಟ್’, ‘ವಿಚ್’, ‘ಹೂ’ ಭಾಗಗಳಿಗೂ ನಡೆಯುತ್ತದೆ. ‘ಐ ಬಾಟ್ ಎ ಸ್ಯಾರಿ ಫಾರ್ ಮೈ ಮದರ್ ದಟ್ ವಾಸ್ ವೋವನ್ ಇನ್ ಇಳಕಲ್.’ ‘ದಟ್’ ಪಕ್ಕದಲ್ಲಿ ಇರುವುದು ತಾಯಿ. ‘ಇಳಕಲ್‌ನಲ್ಲಿ ನೇಯ್ದ ನನ್ನ ತಾಯಿ’ ಎಂದಾಯಿತು. ಕನ್ನಡದಲ್ಲಿ ‘ನೇಯ್ದ’ ಅನ್ನುವುದು ಸೀರೆಗಿಂತ ಮೊದಲೇ, ಅದಕ್ಕೆ ಅಂಟಿಕೊಂಡೇ ಕೂರುತ್ತದೆ. ಇಂಗ್ಲಿಷಿನಲ್ಲಿ ಈ ಭಾಗ ನಾಮಪದ ಆದ ಮೇಲೆ ಬರುವುದರಿಂದ ನಡುವೆ ಬೇರೆ ಪದ ನುಗ್ಗುತ್ತದೆ. ‘ಐ ಬಾಟ್ ಮೈ ಮದರ್ ಎ ಸ್ಯಾರಿ ದಟ್ ವಾಸ್ ವೋವನ್ ಇನ್ ಇಳಕಲ್’ ಎಂದು ಬರೆದರೆ ಸೀರೆ ತನ್ನ ಜಾಗಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮೋಸದ ಮಾದರಿ ಒಂದಿದೆ. ‘ಪ್ರಿಸೈಡಿಂಗ್ ಓವರ್ ದ ಬೆಲ್ಗಾಮ್ ಕಾಂಗ್ರೆಸ್ ಇನ್ 1924, ಗಾಂಧೀಸ್ ಸ್ಪೀಚ್ ಸ್ಟ್ರೆಸ್ಡ್ ಸ್ಪಿನ್ನಿಂಗ್.’ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ಬೆಳಗಾವಿಯದು ಒಂದೇ. ಚರಕದ ಬಗ್ಗೆ ಅಲ್ಲಿ ಅವರು ಒತ್ತಿ ಹೇಳಿದ್ದೂ ನಿಜ. ಕಾಮಾ ಆದ ಕೂಡಲೇ ಗಾಂಧಿ ಎಂಬ ಹೆಸರೂ ಇದೆ. ಆದರೆ ‘ಗಾಂಧೀಸ್’ ಎಂದರೆ ‘ಗಾಂಧಿಯ’. ಸಬ್ಜೆಕ್ಟ್ ಇರುವುದು ‘ಸ್ಪೀಚ್’. ‘ಅಧ್ಯಕ್ಷತೆ ವಹಿಸಿ ಗಾಂಧಿಯ ಭಾಷಣ ಒತ್ತಿ ಹೇಳಿತು’ ಎಂದರೆ ಭಾಷಣವೇ ಅಧ್ಯಕ್ಷತೆ ವಹಿಸಿದ ಹಾಗೆ. ‘ಗಾಂಧಿ ಸ್ಟ್ರೆಸ್ಡ್ ಸ್ಪಿನ್ನಿಂಗ್ ಇನ್ ಹಿಸ್ ಸ್ಪೀಚ್’ ಎಂದಾಗಬೇಕು. ಹೆಸರಿನ ತುದಿಯಲ್ಲಿ ಅಪಾಸ್ಟ್ರಫಿ ಕಂಡರೆ ಆ ಹೆಸರನ್ನು ದಾಟಿ ಮುಂದಿನ ಪದವನ್ನು ನೋಡಿ.

‘ಓನ್ಲಿ’ ಬಗ್ಗೆ ಕನ್ನಡಿಗರಿಗೆ ಕಷ್ಟವೇ ಆಗಬಾರದು. ನಮ್ಮ ‘ಏ’ ಯಾವ ಪದಕ್ಕೆ ಬೇಕೋ ಅದಕ್ಕೇ ಅಂಟುತ್ತದೆ. ‘ಅವಳೇ ರಾತ್ರಿ ರೊಟ್ಟಿ ತಿನ್ನುತ್ತಾಳೆ’, ‘ಅವಳು ರಾತ್ರಿ ರೊಟ್ಟಿಯನ್ನೇ ತಿನ್ನುತ್ತಾಳೆ’, ‘ಅವಳು ರಾತ್ರಿಯೇ ರೊಟ್ಟಿ ತಿನ್ನುತ್ತಾಳೆ’. ಮೂರಕ್ಕೂ ಮೂರು ಅರ್ಥ. ಇಂಗ್ಲಿಷಿನಲ್ಲಿ ‘ಓನ್ಲಿ’ಯನ್ನು ‘ಏ’ ಬೀಳುವ ಪದಕ್ಕಿಂತ ಮೊದಲು ಇಡಿ: ‘ಓನ್ಲಿ ಶಿ ಈಟ್ಸ್ ರೊಟ್ಟಿ ಅಟ್ ನೈಟ್’, ‘ಶಿ ಈಟ್ಸ್ ಓನ್ಲಿ ರೊಟ್ಟಿ ಅಟ್ ನೈಟ್’, ‘ಶಿ ಈಟ್ಸ್ ರೊಟ್ಟಿ ಓನ್ಲಿ ಅಟ್ ನೈಟ್’. ಮಾತಿನ ಇಂಗ್ಲಿಷಿನಲ್ಲಿ ಎಲ್ಲರೂ ‘ಶಿ ಓನ್ಲಿ ಈಟ್ಸ್’ ಎಂದೇ ಹೇಳುತ್ತಾರೆ. ಅದು ಮಾತಿಗೆ ಸಾಕು, ಪರೀಕ್ಷೆಗೆ ಸಾಲದು. ‘ಆಲ್ಮೋಸ್ಟ್’, ‘ನಿಯರ್ಲಿ’, ‘ಈವನ್’ ಮೂರಕ್ಕೂ ಇದೇ ನಿಯಮ. ‘ಹಿ ಸ್ಪೆಂಟ್ ಆಲ್ಮೋಸ್ಟ್ 500 ರುಪೀಸ್’ ಎಂದರೆ ಹತ್ತಿರ ಹತ್ತಿರ 500 ಖರ್ಚಾಗಿದೆ. ‘ಹಿ ಆಲ್ಮೋಸ್ಟ್ ಸ್ಪೆಂಟ್ 500 ರುಪೀಸ್’ ಎಂದರೆ ಖರ್ಚು ಮಾಡುವವನಿದ್ದ, ಮಾಡಲಿಲ್ಲ.

ಎರಡೂ ಕಡೆ ನೋಡುವ ಪದಗಳೂ ಇವೆ. ‘ಸ್ಟೂಡೆಂಟ್ಸ್ ಹೂ ರಿವೈಸ್ ಆಫನ್ ಸ್ಕೋರ್ ವೆಲ್.’ ಪದೇ ಪದೇ ಓದುವವರೋ, ಪದೇ ಪದೇ ಒಳ್ಳೆಯ ಮಾರ್ಕ್ಸ್ ತೆಗೆಯುವವರೋ? ಇದು ಬರುವುದು ಕಡಿಮೆ. ಬಂದರೆ ಆ ಪದವನ್ನು ಒಂದು ಕಡೆಗೆ ಸರಿಸಿದ ಆಪ್ಷನ್ ಹಿಡಿಯಿರಿ. ಇನ್ನು ‘ಕನ್ಸಿಡರಿಂಗ್’, ‘ರಿಗಾರ್ಡಿಂಗ್’, ‘ಜೆನರಲಿ ಸ್ಪೀಕಿಂಗ್’, ‘ಜಡ್ಜಿಂಗ್ ಬೈ’ ಇವುಗಳನ್ನು ತಪ್ಪು ಎಂದು ಹಿಡಿಯಬೇಡಿ. ‘ಕನ್ಸಿಡರಿಂಗ್ ಹಿಸ್ ಏಜ್, ದ ಸ್ಕೋರ್ ಈಸ್ ಗುಡ್’ ಸರಿಯಾದ ವಾಕ್ಯ. ಇವು ಬಳಕೆಯಲ್ಲಿ ಪ್ರಿಪೊಸಿಷನ್ ಹಾಗೆ, ಅಡ್ವರ್ಬ್ ಹಾಗೆ ಆಗಿಹೋಗಿವೆ.

ಈಗ ಪ್ರೊನೌನ್. ‘ಮಹೇಶ್ ಟೋಲ್ಡ್ ಬಸವರಾಜ್ ದಟ್ ಹಿಸ್ ಬೈಕ್ ವಾಸ್ ಸ್ಟೋಲನ್.’ ಕಳುವಾದದ್ದು ಯಾರ ಬೈಕ್? ನೀವು ಓದಿದ ಕೂಡಲೇ ಮನಸ್ಸು ‘ತನ್ನ ಬೈಕ್’ ಎಂದೋ ‘ಅವನ ಬೈಕ್’ ಎಂದೋ ಒಂದನ್ನು ಆರಿಸಿಬಿಟ್ಟಿರುತ್ತದೆ. ‘ತನ್ನ’ ಎಂದರೆ ಮಹೇಶನದು. ‘ಅವನ’ ಎಂದರೆ ಬಸವರಾಜನದು, ಇಲ್ಲವೇ ಮೂರನೆಯವನದು. ಈ ವಾಕ್ಯದಲ್ಲಿ ಕನ್ನಡಕ್ಕೆ ಎರಡು ಬೇರೆ ಪದ ಇವೆ, ಇಂಗ್ಲಿಷಿಗೆ ಇರುವುದು ‘ಹಿಸ್’ ಒಂದೇ. ನಿಮ್ಮ ಕೈಯಲ್ಲಿ ಉತ್ತರ ಇರುವುದರಿಂದ ಪ್ರಶ್ನೆಯೇ ಕಾಣುವುದಿಲ್ಲ. ಹಾಗಾಗಿ ಇಬ್ಬರು ಗಂಡಸರೋ, ಇಬ್ಬರು ಹೆಂಗಸರೋ, ಎರಡು ವಸ್ತುಗಳೋ ಬಂದು, ಆಮೇಲೆ ‘ಹಿ’, ‘ಹರ್’, ‘ಇಟ್’ ಬಂದರೆ ವಾಕ್ಯವನ್ನು ಎರಡು ಸಲ ಓದಿ. ಒಮ್ಮೆ ‘ತನ್ನ’ ಹಾಕಿ, ಒಮ್ಮೆ ‘ಅವನ’ ಹಾಕಿ. ಎರಡೂ ಕೂತರೆ ಅದು ಗೊಂದಲದ ಪ್ರೊನೌನ್. ಸರಿಯಾದ ಆಪ್ಷನ್ನಿನಲ್ಲಿ ಹೆಸರು ಇನ್ನೊಮ್ಮೆ ಬಂದಿರುತ್ತದೆ, ಅಥವಾ ನೇರ ಮಾತು ಇರುತ್ತದೆ: ‘ಮಹೇಶ್ ಸೆಡ್ ಟು ಬಸವರಾಜ್, ಮೈ ಬೈಕ್ ಹ್ಯಾಸ್ ಬೀನ್ ಸ್ಟೋಲನ್.’ ಹೆಸರು ಎರಡು ಸಲ ಬಂದದ್ದು ಒರಟಾಗಿ ಕಾಣುತ್ತದೆ ಎಂದು ಆ ಆಪ್ಷನ್ ಬಿಡಬೇಡಿ.

ಇಡೀ ವಾಕ್ಯವನ್ನೇ ತೋರಿಸುವ ‘ವಿಚ್’, ‘ದಿಸ್’ ಕೂಡ ಹೀಗೆಯೇ. ‘ದ ಗೇಟ್ಸ್ ಅಟ್ ಆಲಮಟ್ಟಿ ವರ್ ಓಪನ್ಡ್ ಆ್ಯಂಡ್ ದ ಕೃಷ್ಣಾ ರೋಸ್, ವಿಚ್ ವರೀಡ್ ದ ವಿಲೇಜರ್ಸ್.’ ಚಿಂತೆಗೆ ಕಾರಣ ಗೇಟ್ ತೆರೆದದ್ದೋ, ನೀರು ಏರಿದ್ದೋ? ‘ದ ರೈಸಿಂಗ್ ವಾಟರ್ ವರೀಡ್ ದ ವಿಲೇಜರ್ಸ್’ ಎಂದು ನಾಮಪದ ಇಟ್ಟರೆ ತೀರಿತು. ‘ಇನ್ ಕಿತ್ತೂರು, ದೆ ಸೆಲಿಬ್ರೇಟ್ ಆ್ಯನ್ ಉತ್ಸವ್ ಇನ್ ಅಕ್ಟೋಬರ್’ ಅನ್ನುವಲ್ಲಿ ‘ದೆ’ ಯಾರು ಎಂದು ಹಿಂದೆ ಎಲ್ಲೂ ಹೇಳಿಲ್ಲ. ‘ದ ಪೀಪಲ್ ಆಫ್ ಕಿತ್ತೂರು’ ಬೇಕು. ಕನ್ನಡದಲ್ಲಿ ‘ಕಿತ್ತೂರಲ್ಲಿ ಉತ್ಸವ ಮಾಡುತ್ತಾರೆ’ ಎಂದರೆ ಸಾಕು, ಯಾರು ಎಂದು ಕ್ರಿಯಾಪದವೇ ಹೊತ್ತುಕೊಳ್ಳುತ್ತದೆ. ಅದಕ್ಕೇ ಈ ‘ದೆ’ ನಮಗೆ ಚುಚ್ಚುವುದಿಲ್ಲ.

ಗೊಂದಲದ ಪ್ರೊನೌನನ್ನು ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳು ನೇರವಾಗಿ ಕೇಳುವುದು ಕಡಿಮೆ. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಸೆಂಟೆನ್ಸ್ ಕರೆಕ್ಷನ್ ಭಾಗದಲ್ಲಿ ಅದಕ್ಕೆ ಜಾಸ್ತಿ ತೂಕ ಇತ್ತು. 2023ರಲ್ಲಿ ಬಂದ ಹೊಸ ಮಾದರಿಯಲ್ಲಿ ಆ ಭಾಗವನ್ನೇ ತೆಗೆದರು. ಹಳೆಯ ಪ್ರಶ್ನೆಗಳು ಸಿಕ್ಕರೆ ಅಭ್ಯಾಸಕ್ಕೆ ಬಹಳ ಒಳ್ಳೆಯವು. ನಿಮ್ಮ ಪರೀಕ್ಷೆಗಳಲ್ಲಿ ಹೆಚ್ಚು ಬರುವುದು ವಚನ ಮತ್ತು ರೂಪದ (‘ಐ’ ಬೇಕೋ ‘ಮಿ’ ಬೇಕೋ ಎಂಬ) ತಪ್ಪುಗಳು.

ವಚನದಲ್ಲಿ ನಮ್ಮನ್ನು ಕೆಡಿಸುವುದು ಗೌರವದ ‘ಅವರು’. ‘ಅವರ್ ಹೆಡ್‌ಮಾಸ್ಟರ್ ಹ್ಯಾಸ್ ರಿಟೈರ್ಡ್, ಬಟ್ ದೆ ಸ್ಟಿಲ್ ಕಮ್ ಟು ಸ್ಕೂಲ್’ ಎಂದು ಬರೆದ ಹುಡುಗ ಮರ್ಯಾದೆ ಕೊಟ್ಟಿದ್ದಾನೆ, ಆದರೆ ಇಂಗ್ಲಿಷಿನಲ್ಲಿ ಇಬ್ಬರು ಹೆಡ್‌ಮಾಸ್ಟರ್ ಆದರು. ‘ಈಚ್’, ‘ಐದರ್’, ‘ನೈದರ್’ ಏಕವಚನ. ‘ಈಚ್ ಆಫ್ ದ ಗರ್ಲ್ಸ್ ಹ್ಯಾಸ್ ಬ್ರಾಟ್ ಹರ್ ಬುಕ್’ ಅನ್ನುವಲ್ಲಿ ‘ಗರ್ಲ್ಸ್’ ನೋಡಿ ‘ದೇರ್’ ಹಾಕಬಾರದು. ‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್’ ಬಂದರೆ ಹತ್ತಿರದ ‘ಸ್ಟೂಡೆಂಟ್ಸ್’ ನೋಡಿ ‘ದೇರ್’ ಹಾಕಬೇಕು. ‘ಒನ್’ ಎಂದು ಶುರುವಾದರೆ ‘ಒನ್ಸ್’ ಎಂದೇ ಮುಂದುವರಿಯಬೇಕು: ‘ಒನ್ ಶುಡ್ ಡೂ ಒನ್ಸ್ ಡ್ಯೂಟಿ.’ ‘ಜ್ಯೂರಿ’, ‘ಕಮಿಟಿ’ ಒಂದಾಗಿ ನಿರ್ಧಾರ ಮಾಡಿದರೆ ‘ಇಟ್ಸ್’, ಒಳಗೊಳಗೆ ಭಿನ್ನಾಭಿಪ್ರಾಯ ಬಂದರೆ ‘ದೇರ್’.

‘ಎವ್ರಿವನ್’ ವಿಚಾರ ಸ್ವಲ್ಪ ಸೂಕ್ಷ್ಮ. ಹಳೆಯ ವ್ಯಾಕರಣ ‘ಎವ್ರಿವನ್ ಮಸ್ಟ್ ಬ್ರಿಂಗ್ ಹಿಸ್ ಕಾರ್ಡ್’ ಅನ್ನುತ್ತದೆ. ಇವತ್ತಿನ ಇಂಗ್ಲಿಷಿನಲ್ಲಿ ಒಬ್ಬರಿಗೂ ‘ದೇರ್’ ಬಳಸುವುದು ಮಾನ್ಯ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಎಪಿಎಯ ಬರವಣಿಗೆ ಕೈಪಿಡಿಯ 2019ರ ಏಳನೇ ಆವೃತ್ತಿ ಅದನ್ನು ಒಪ್ಪಿದೆ. ಮೆರಿಯಮ್ ವೆಬ್‌ಸ್ಟರ್ ನಿಘಂಟು ಅದೇ ವರ್ಷ ‘ದೆ’ಯನ್ನು ವರ್ಷದ ಪದ ಎಂದು ಆರಿಸಿತು. ನನಗೂ ‘ದೇರ್’ ನ್ಯಾಯವಾದದ್ದು ಅನ್ನಿಸುತ್ತದೆ, ಹೆಣ್ಣುಮಕ್ಕಳೂ ಅದರೊಳಗೆ ಸೇರುತ್ತಾರೆ. ಆದರೆ ನಮ್ಮ ನೇಮಕಾತಿ ಪರೀಕ್ಷೆಗಳು ಇನ್ನೂ ಹಳೆಯ ನಿಯಮದ ಕಡೆಗೇ ಇವೆ. ವಾಕ್ಯದ ಬೇರೆ ಎಲ್ಲೂ ತಪ್ಪಿಲ್ಲ, ‘ಎವ್ರಿವನ್’ ಮುಂದೆ ‘ದೇರ್’ ಇದೆ ಎಂದರೆ ಅದನ್ನೇ ತಪ್ಪು ಎಂದು ಗುರುತಿಸಿ. ಬೇರೆ ಕಡೆ ಸ್ಪಷ್ಟ ತಪ್ಪು ಕಂಡರೆ ಇದನ್ನು ಮುಟ್ಟಬೇಡಿ.

ರೂಪದ ವಿಷಯ ಬೇಗ ಮುಗಿಯುತ್ತದೆ. ‘ಬಿಟ್ವೀನ್ ಯೂ ಆ್ಯಂಡ್ ಮಿ’, ‘ಲೆಟ್ ಹಿಮ್ ಆ್ಯಂಡ್ ಮಿ ಗೋ’. ಜೋಡಿಯಲ್ಲಿ ಮೊದಲನೆಯದನ್ನು ತೆಗೆದು ಓದಿದರೆ ಸರಿ ರೂಪ ತಾನೇ ಸಿಗುತ್ತದೆ. ‘ಲೆಟ್ ಐ ಗೋ’ ಎಂದು ಯಾರೂ ಹೇಳುವುದಿಲ್ಲ. ‘ಹೂ’ ಮತ್ತು ‘ಹೂಮ್’ ನಡುವೆ ‘ಐ ಥಿಂಕ್’, ‘ವಿ ಬಿಲೀವ್’ ಸೇರಿಸಿ ದಾರಿ ತಪ್ಪಿಸುತ್ತಾರೆ. ‘ಶಿ ಈಸ್ ದ ಕ್ಯಾಂಡಿಡೇಟ್ ಹೂ ಐ ಥಿಂಕ್ ವಿಲ್ ವಿನ್.’ ‘ಐ ಥಿಂಕ್’ ತೆಗೆಯಿರಿ, ‘ಹೂ ವಿಲ್ ವಿನ್’ ಉಳಿಯುತ್ತದೆ. ಅಲ್ಲಿ ‘ಹೂಮ್’ ಬರುವುದಿಲ್ಲ.

ಸಮಯದ ಮಾತು. ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ ಇಂಗ್ಲಿಷ್ 25. ಎಲ್ಲ ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸುತ್ತಾ ಕೂರಲು ಆಗುವುದಿಲ್ಲ. ಎರಡೇ ಸಂದರ್ಭದಲ್ಲಿ ನಿಲ್ಲಿ: ವಾಕ್ಯ ‘ಇಂಗ್’, ‘ಹ್ಯಾವಿಂಗ್’, ‘ಬಿಲ್ಟ್’ ಥರದ ಪದದಿಂದ ಶುರುವಾಗಿ ಕಾಮಾ ಬಂದಾಗ, ಮತ್ತು ಒಂದು ಪ್ರೊನೌನಿನ ಹಿಂದೆ ಎರಡು ನಾಮಪದ ಇದ್ದಾಗ. ಉಳಿದ ಕಡೆ ನಿಮ್ಮ ಸಾಮಾನ್ಯ ವೇಗದಲ್ಲಿ ಹೋಗಿ. ಸರಿ ಉತ್ತರಕ್ಕೆ 2 ಮಾರ್ಕ್ಸ್, ತಪ್ಪಿಗೆ 0.50 ಕಡಿತ. ನಾಲ್ಕು ಆಪ್ಷನ್ನಿನಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಿದ್ದರೆ ಉಳಿದ ಎರಡರಲ್ಲಿ ಒಂದನ್ನು ಆರಿಸುವುದೇ ಲಾಭ, ಸರಾಸರಿ 0.75 ಮಾರ್ಕ್ಸ್ ನಿಮ್ಮ ಕಡೆಗೆ ಬರುತ್ತದೆ.

ಅಭ್ಯಾಸಕ್ಕೆ ಹೊಸ ನಿಯಮದ ಪುಸ್ತಕ ಕೊಳ್ಳಬೇಡಿ. ನೀವು ಈಗಾಗಲೇ ಬಿಡಿಸಿದ ಹಳೆಯ ಪೇಪರ್‌ಗಳನ್ನು ತೆಗೆಯಿರಿ. ತಪ್ಪಾಗಿ ‘ನೋ ಎರರ್’ ಟಿಕ್ ಮಾಡಿದ ವಾಕ್ಯಗಳನ್ನು ಮಾತ್ರ ಆರಿಸಿ. ಪ್ರತಿಯೊಂದರ ಕೆಳಗೆ ಎರಡು ಕನ್ನಡ ವಾಕ್ಯ ಬರೆಯಿರಿ: ಮೊದಲು ಓದಿದಾಗ ಮನಸ್ಸು ಕೇಳಿಸಿಕೊಂಡದ್ದು ಒಂದು, ಇಂಗ್ಲಿಷ್ ವಾಕ್ಯ ನಿಜವಾಗಿ ಹೇಳುತ್ತಿರುವುದು ಇನ್ನೊಂದು. ಎರಡರ ನಡುವೆ ಬದಲಾದ ಪದಕ್ಕೆ ಗೆರೆ ಎಳೆಯಿರಿ. ಅದು ‘ಮೇಲೆ’ ಹೋಗಿ ‘ಮುಗಿಸಿ’ ಆಗಿರಬಹುದು, ‘ತನ್ನ’ ಹೋಗಿ ‘ಅವನ’ ಆಗಿರಬಹುದು, ‘ಏ’ ಜಾಗ ಬದಲಿಸಿರಬಹುದು. ಒಂದು ನೋಟ್‌ಬುಕ್ ತುಂಬುವ ಹೊತ್ತಿಗೆ ನೀವು ಮತ್ತೆ ಮತ್ತೆ ಜಾರುವ ಜಾಗ ಯಾವುದು ಎಂದು ಆ ಗೆರೆಗಳಲ್ಲೇ ಕಾಣುತ್ತದೆ. ಯಾವುದಾದರೂ ವಾಕ್ಯದಲ್ಲಿ ಎರಡು ಕನ್ನಡ ರೂಪಗಳೂ ಒಂದೇ ಬಂದು, ಆದರೂ ಉತ್ತರ ತಪ್ಪು ಎಂದಿದ್ದರೆ ಅಂಥವನ್ನು ಬೇರೆ ಹಾಳೆಯಲ್ಲಿ ಬರೆದು ನನಗೆ ಕಳಿಸಿ. ಅವುಗಳನ್ನು ಒಂದೊಂದಾಗಿ ನೋಡಿ ಉತ್ತರಿಸುತ್ತೇನೆ.